ತೊಡೆಯನ್ನು ಸೋಲಿಸಬೇಕಾದ ಸೀಟು

ಅಹಮದಾಬಾದಿನಿಂದ ವಡೋದರದವರೆಗೆ 93 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇ. 2004ರಲ್ಲಿ ಪೂರ್ತಿಯಾಗಿ ತೆರೆದುಕೊಂಡ ಈ ರಸ್ತೆಗೆ ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳ ಪಟ್ಟಿಯಲ್ಲಿ 1ನೇ ಸಂಖ್ಯೆ. ಬೈಕು, ಆಟೋಗಳಿಗೆ ಪ್ರವೇಶವಿಲ್ಲ. ಕಾರು ಗಂಟೆಗೆ 100 ಕಿ.ಮೀ. ವೇಗ ಹಿಡಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನಡಿಯಾದ್ ದಾಟುವಷ್ಟರಲ್ಲಿ ಎಸಿಯ ತಂಪಿಗೆ ಹಿಂದೆ ಕೂತವರಿಗೆಲ್ಲ ಜೊಂಪು ಹತ್ತುತ್ತದೆ. ಎಂಟು ತಿಂಗಳ ಮಗು ಅಜ್ಜಿಯ ತೊಡೆಯ ಮೇಲೆ ಮಲಗಿರುತ್ತದೆ, ಅಜ್ಜಿಯ ಎರಡೂ ಕೈಗಳು ಅದನ್ನು ಬಳಸಿರುತ್ತವೆ. ನೋಡಿದವರಿಗೆ ಲೋಕದಲ್ಲಿ ಇದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ ಅನ್ನಿಸುತ್ತದೆ. ಮಕ್ಕಳ ಕಾರ್ ಸೀಟಿನ ವಿಜ್ಞಾನವೆಲ್ಲ ಶುರುವಾಗಬೇಕಾದದ್ದು ಈ ಅನ್ನಿಸಿಕೆ ಎಲ್ಲಿ ತಪ್ಪುತ್ತದೆ ಎಂಬುದರಿಂದ.

ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಅದು ಕಾರಿನ ವೇಗವಷ್ಟೇ ಅಲ್ಲ, ನಿದ್ದೆಯಲ್ಲಿರುವ ಮಗುವಿನ ವೇಗವೂ ಹೌದು. ಕಾರಿಗೆ ಬ್ರೇಕ್ ಇದೆ. ಗುದ್ದಿದಾಗ ಅದರ ಮೂತಿ ನಜ್ಜುಗುಜ್ಜಾಗಿ ವೇಗವನ್ನು ನುಂಗಿಕೊಳ್ಳುವಂತೆ ಕಟ್ಟಲಾಗಿದೆ. ಮಗುವಿಗೆ ಇವೆರಡೂ ಇಲ್ಲ. ಕಾರು ನಿಂತರೂ ಮಗು ಅದೇ 28 ಮೀಟರ್ ವೇಗದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಯಾವುದಾದರೊಂದು ವಸ್ತು ತಡೆಯುವವರೆಗೆ. ತಡೆಯುವ ಆ ವಸ್ತು ಮುಂದಿನ ಸೀಟಿನ ಬೆನ್ನೋ, ಗಾಜೋ ಅಥವಾ ಅದಕ್ಕೆಂದೇ ಮಾಡಿದ ಪಟ್ಟಿಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಲೆಕ್ಕ ಸುಲಭವಾಗಲಿ ಎಂದು ವೇಗವನ್ನು ಅರ್ಧಕ್ಕೆ ಇಳಿಸಿ, 50 ಕಿ.ಮೀ. ಎಂದಿಟ್ಟುಕೊಳ್ಳೋಣ. ಅದು ವಡೋದರ ಊರೊಳಗಿನ ರಸ್ತೆಯ ವೇಗ. ಆ ವೇಗದಲ್ಲಿ ಗೋಡೆಗೆ ಗುದ್ದಿದ ಕಾರಿನೊಳಗೆ, ಸರಿಯಾಗಿ ಕಟ್ಟಿಸಿಕೊಂಡ ದೇಹ ಸುಮಾರು 60 ಸೆಂಟಿಮೀಟರ್ ದೂರದಲ್ಲಿ, ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ ಸಮಯದಲ್ಲಿ ನಿಲ್ಲಬೇಕು. ಆಗ ದೇಹದ ಮೇಲೆ ಬೀಳುವ ಬಲ ಅದರ ತೂಕದ ಸುಮಾರು 16 ಪಟ್ಟು. ಎಂಟು ಕೆ.ಜಿ. ಮಗು ಆ ಕ್ಷಣಕ್ಕೆ ಕೈಗೆ 128 ಕೆ.ಜಿ.ಯಷ್ಟು ಭಾರ. ಅಜ್ಜಿಯ ಕೈಗಳಲ್ಲಿ ಎಷ್ಟು ಪ್ರೀತಿ ಇದ್ದರೂ ಅಷ್ಟು ಭಾರವನ್ನು ಅವು ಹಿಡಿಯಲಾರವು. ಯಾವ ಪೈಲ್ವಾನನ ಕೈಯೂ ಹಿಡಿಯಲಾರದು, ಏಕೆಂದರೆ ಸ್ನಾಯು ಬಿಗಿಯುವ ಮೊದಲೇ ಎಲ್ಲ ಮುಗಿದಿರುತ್ತದೆ. ಅಜ್ಜಿ ಬೆಲ್ಟ್ ಹಾಕಿರದಿದ್ದರೆ ಇನ್ನೂ ಕೆಟ್ಟದು. 60 ಕೆ.ಜಿ. ತೂಕದ ಅವರ ದೇಹ ಹತ್ತಿರ ಹತ್ತಿರ ಒಂದು ಟನ್ ಒತ್ತಡದಲ್ಲಿ ಮಗುವಿನ ಬೆನ್ನ ಹಿಂದಿನಿಂದ ಬರುತ್ತದೆ. ಇಬ್ಬರನ್ನೂ ಸೇರಿಸಿ ಒಂದೇ ಬೆಲ್ಟ್ ಹಾಕಿದರೂ ಇದೇ ಆಗುತ್ತದೆ: ಬೆಲ್ಟಿಗೂ ಅಜ್ಜಿಗೂ ನಡುವೆ ಮಗು.

ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. 50 ಕಿ.ಮೀ. ವೇಗದ ಗುದ್ದು ಮೂರನೇ ಮಹಡಿಯಿಂದ ನೆಲಕ್ಕೆ ಬಿದ್ದಂತೆ, 100 ಕಿ.ಮೀ. ವೇಗದ್ದು ಹನ್ನೆರಡು ಹದಿಮೂರನೇ ಮಹಡಿಯಿಂದ ಬಿದ್ದಂತೆ. ಹನ್ನೆರಡನೇ ಮಹಡಿಯ ಬಾಲ್ಕನಿಯ ಕಂಬಿಯ ಮೇಲೆ ಮಗುವನ್ನು ಕೂರಿಸಿ, ನಾನು ಹಿಡಿದುಕೊಂಡಿದ್ದೇನೆ ಬಿಡಿ ಎಂದು ಯಾರೂ ಹೇಳುವುದಿಲ್ಲ.

ತೊಡೆಯ ಮೇಲಿನ ಈ ನಂಬಿಕೆ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಮಕ್ಕಳಿಗೆ ಕಾರ್ ಸೀಟು ಕಡ್ಡಾಯ ಎಂದು ಜಗತ್ತಿನಲ್ಲಿ ಮೊದಮೊದಲು ಕಾನೂನು ಮಾಡಿದ್ದು ಅಮೆರಿಕದ ಟೆನೆಸಿ ರಾಜ್ಯ. ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ಶಾಸಕರ ಬೆನ್ನು ಬಿಡದೆ ಓಡಾಡಿ ಮಾಡಿಸಿದ ಆ ಕಾನೂನು 1978ರ ಜನವರಿ 1ರಂದು ಜಾರಿಗೆ ಬಂತು. ಆದರೆ ಅದರೊಳಗೆ ಶಾಸಕರು ಒಂದು ಕಿಂಡಿ ಬಿಟ್ಟಿದ್ದರು: ದೊಡ್ಡವರು ಕೈಯಲ್ಲಿ ಎತ್ತಿಕೊಂಡಿದ್ದರೆ ಸೀಟು ಬೇಕಿಲ್ಲ. ತಾಯಿಯ ಮಡಿಲನ್ನು ಕಾನೂನಿನ ಎದುರು ಅಪರಾಧಿಯಾಗಿಸಲು ಯಾರಿಗೂ ಮನಸ್ಸಿರಲಿಲ್ಲ. ಮಗುವನ್ನು ಅಪ್ಪಚ್ಚಿ ಮಾಡುವ ತಿದ್ದುಪಡಿ ಎಂದು ವೈದ್ಯರು ಅದನ್ನು ಕರೆದರು. 1981ರಲ್ಲಿ ಆ ಕಿಂಡಿ ಮುಚ್ಚಿತು.

ನಮ್ಮಲ್ಲಿ ಕಿಂಡಿ ಕಾನೂನಿನಲ್ಲಿ ಇಲ್ಲ, ಬಳಕೆಯಲ್ಲಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು, 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಕಟ್ಟಿರದಿದ್ದರೆ 1,000 ರೂಪಾಯಿ ದಂಡ ಎನ್ನುತ್ತದೆ. ಅದು ಜಾರಿಯಾದ ಸೆಪ್ಟೆಂಬರಿನಲ್ಲೇ ಗುಜರಾತ್ ಸರ್ಕಾರ ಸೀಟ್ ಬೆಲ್ಟಿನ ದಂಡವನ್ನು 500ಕ್ಕೆ ಇಳಿಸಿತು. ಹಿಂದಿನ ಸೀಟಿನವರಿಗೆ ಬೆಲ್ಟ್ ಯಾಕೆ ಎಂಬ ಪ್ರಶ್ನೆಗೆ ದೇಶಕ್ಕೆಲ್ಲ ಕೇಳುವಂಥ ಉತ್ತರ ಸಿಕ್ಕಿದ್ದು 2022ರ ಸೆಪ್ಟೆಂಬರ್ 4ರಂದು. ಗುಜರಾತಿನ ಉದ್ವಾಡದಿಂದ ಮುಂಬೈಗೆ ಹೊರಟಿದ್ದ ಕಾರು ಪಾಲ್ಘರ್ ಬಳಿ ಸೂರ್ಯಾ ನದಿಯ ಸೇತುವೆಗೆ ಗುದ್ದಿತು. ಮುಂದೆ ಕೂತ ಇಬ್ಬರು ಉಳಿದರು. ಹಿಂದೆ ಬೆಲ್ಟ್ ಹಾಕದೆ ಕೂತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಮತ್ತು ಅವರ ಸಹಪ್ರಯಾಣಿಕರು ಉಳಿಯಲಿಲ್ಲ. ಅದು ಅಹಮದಾಬಾದ್, ವಡೋದರ, ಸೂರತ್‌ಗಳನ್ನು ಮುಂಬೈಗೆ ಹೊಲಿಯುವ ಹೆದ್ದಾರಿ.

ಹೀಗಿರುವಾಗ ಮಕ್ಕಳ ಸೀಟು ಕೊಳ್ಳುವುದು ಸರಿ, ಎಂಥದ್ದನ್ನು? ಅಂಗಡಿಯವರು ತೋರಿಸುವುದು ಸಾಮಾನ್ಯವಾಗಿ ದಪ್ಪ ಮೆತ್ತೆಯ, 360 ಡಿಗ್ರಿ ತಿರುಗುವ, ಹುಟ್ಟಿದ ದಿನದಿಂದ ಹನ್ನೆರಡು ವರ್ಷದವರೆಗೆ ಬರುತ್ತದೆ ಎನ್ನುವ ಸೀಟನ್ನು. ಅದರ ತೂಕ 10ರಿಂದ 15 ಕೆ.ಜಿ. ಒಂದೇ ಕಾರು, ಒಂದೇ ಮಗು, ಕಾರಿನಿಂದ ಇಳಿಸುವ ಪ್ರಸಂಗವೇ ಇಲ್ಲ ಎಂದರೆ ಅದು ಒಳ್ಳೆಯ ಸೀಟೇ. ಆದರೆ ಈ ಮೂರು ಊರುಗಳ ನಡುವೆ ಸಂಸಾರ ಓಡಾಡುವ ಬಗೆ ಬೇರೆ. ಅಹಮದಾಬಾದಿನಿಂದ ಸೂರತ್‌ಗೆ ರೈಲು, ಸ್ಟೇಷನ್ನಿನಿಂದ ಮಾವನ ಕಾರು, ಮದುವೆ ಮನೆಗೆ ಬಾಡಿಗೆ ಟ್ಯಾಕ್ಸಿ, ವಡೋದರದಿಂದ ಏಕತಾ ನಗರದ ಪಟೇಲರ ಪ್ರತಿಮೆ ನೋಡಲು ಗೆಳೆಯರ ಜೊತೆ ಇನ್ನೊಂದು ಕಾರು. ಇಲ್ಲಿ ಹೋಟೆಲು, ಕಾರ್ಖಾನೆ, ಬ್ಯಾಂಕುಗಳ ಕೆಲಸಕ್ಕೆಂದು ಬಂದು ನೆಲೆಸಿದ ನಮ್ಮ ಕರಾವಳಿಯ ಮನೆಯವರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟಾಗಲೂ ಇದೇ ಕಥೆ. 12 ಕೆ.ಜಿ. ಸೀಟನ್ನು ಯಾರೂ ರೈಲಿಗೆ ಹತ್ತಿಸುವುದಿಲ್ಲ. ಅದು ಅಹಮದಾಬಾದಿನ ಪಾರ್ಕಿಂಗಿನಲ್ಲಿ, ತಮ್ಮ ಕಾರಿನೊಳಗೆ ಭದ್ರವಾಗಿ ಉಳಿಯುತ್ತದೆ. ಮಗು ಸೂರತ್‌ನಲ್ಲಿ ತೊಡೆಯ ಮೇಲೆ ಕೂರುತ್ತದೆ.

ಆದ್ದರಿಂದ ಪ್ರಯಾಣದ ಸೀಟಿಗೆ ಎದುರಾಳಿ ಅದಕ್ಕಿಂತ ದುಬಾರಿಯಾದ ಇನ್ನೊಂದು ಸೀಟಲ್ಲ, ತೊಡೆ. ತೊಡೆಗೆ ತೂಕವಿಲ್ಲ, ಬೆಲೆಯಿಲ್ಲ, ಕಟ್ಟಿ ಬಿಚ್ಚುವ ಗೋಜಿಲ್ಲ, ಮಗು ಅಳುವುದೂ ಇಲ್ಲ. ಅದನ್ನು ಸೋಲಿಸಬೇಕಾದರೆ ಸೀಟು ಒಂದು ಕೈಯಲ್ಲಿ ಎತ್ತುವಷ್ಟು ಹಗುರವಾಗಿರಬೇಕು, ಸಿಕ್ಕ ಕಾರಿನ ಬೆಲ್ಟಿನಿಂದಲೇ ಎರಡು ಮೂರು ನಿಮಿಷದಲ್ಲಿ ಕಟ್ಟುವಂತಿರಬೇಕು. ಆದರೆ ಹಗುರವಾಗುವ ಆತುರದಲ್ಲಿ ಅದು ಮಗುವಿನ ಮೂಳೆಗೆ ಮೋಸ ಮಾಡಬಾರದು. ಎಲ್ಲಿಯವರೆಗೆ ಹಗುರಗೊಳಿಸಬಹುದು ಎಂಬುದನ್ನು ತೀರ್ಮಾನಿಸುವುದು ಮಗುವಿನ ದೇಹ.

ನವಜಾತ ಶಿಶುವಿನ ತಲೆ ಅದರ ಉದ್ದದ ನಾಲ್ಕನೇ ಒಂದು ಭಾಗ. ದೊಡ್ಡವರಲ್ಲಿ ಏಳೆಂಟನೇ ಒಂದು. ಅಷ್ಟು ದೊಡ್ಡ ತಲೆಯನ್ನು ಹೊತ್ತ ಕತ್ತು ಇನ್ನೂ ಪೂರ್ತಿ ಮೂಳೆಯಾಗಿಲ್ಲ. ಕತ್ತಿನ ಒಂದೊಂದು ಕಶೇರುಮಣಿಯೂ ಮೃದ್ವಸ್ಥಿಯಿಂದ ಸೇರಿಸಿದ ಮೂಳೆಯ ತುಂಡುಗಳು. ಅವು ಬೆಸೆದು ಒಂದಾಗುವುದು ಮೂರರಿಂದ ಆರು ವರ್ಷದ ಹೊತ್ತಿಗೆ. ಹಸುಗೂಸಿನ ಬೆನ್ನೆಲುಬನ್ನು ಎಳೆದರೆ ಅದು ಸುಮಾರು 5 ಸೆಂಟಿಮೀಟರ್ ಹಿಗ್ಗಬಲ್ಲದು. ಒಳಗಿನ ಬೆನ್ನುಹುರಿ ತಾಳುವುದು ಆರು ಮಿಲಿಮೀಟರ್ ಮಾತ್ರ. ಮುಂದಕ್ಕೆ ಮುಖ ಮಾಡಿ ಕೂತ ಕೂಸನ್ನು ಗುದ್ದಿನ ಕ್ಷಣದಲ್ಲಿ ಭುಜದ ಪಟ್ಟಿಗಳು ಹಿಡಿದುಕೊಳ್ಳುತ್ತವೆ, ತಲೆಯನ್ನು ಹಿಡಿಯುವವರು ಯಾರೂ ಇರುವುದಿಲ್ಲ. ಅದು ಮುಂದಕ್ಕೆ ಚಿಮ್ಮಿ ಕತ್ತನ್ನು ಎಳೆಯುತ್ತದೆ. ಮೈಮೇಲೆ ಒಂದು ಗಾಯವೂ ಕಾಣದೆ ಬೆನ್ನುಹುರಿ ಹರಿಯಬಹುದು.

ಉಪಾಯ ಸರಳ: ಮಗುವನ್ನು ತಿರುಗಿಸಿ ಕೂರಿಸುವುದು. ಮುಖ ಕಾರಿನ ಹಿಂಬದಿಗೆ, ಬೆನ್ನು ಮುಂಬದಿಗೆ. ಗುದ್ದಿದಾಗ ಇಡೀ ಬೆನ್ನು, ಕತ್ತು, ತಲೆ ಒಟ್ಟಿಗೇ ಸೀಟಿನ ಚಿಪ್ಪಿನೊಳಕ್ಕೆ ಒತ್ತಿಕೊಳ್ಳುತ್ತವೆ. ಬಲ ಅಗಲಕ್ಕೆ ಹಂಚಿಹೋಗುತ್ತದೆ, ಕತ್ತು ಎಳೆಯುವುದೇ ಇಲ್ಲ. ಇದನ್ನು ಮಕ್ಕಳ ಸೀಟಿಗೆ ತಂದವರು ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್. ಜೆಮಿನಿ ಬಾಹ್ಯಾಕಾಶ ನೌಕೆಯಲ್ಲಿ ಗಗನಯಾತ್ರಿಗಳು ಮೇಲೇರುವ ಬಲವನ್ನು ಬೆನ್ನಿನಿಂದ ತಾಳಿಕೊಳ್ಳುವಂತೆ ಒರಗಿ ಕೂರುವುದನ್ನು ಕಂಡು ಅವರಿಗೆ ಇದು ಹೊಳೆಯಿತು. 1960ರ ದಶಕದ ಮಧ್ಯದಲ್ಲಿ ಅವರ ಮಾದರಿ ಸೀಟು ವೋಲ್ವೋ ಕಾರಿನಲ್ಲಿ ಪರೀಕ್ಷೆಯಾಯಿತು. ಅದಕ್ಕೂ ಮೊದಲಿನ ಮಕ್ಕಳ ಸೀಟುಗಳ ಉದ್ದೇಶವೇ ಬೇರೆ ಇತ್ತು: ಮಗು ಎತ್ತರದಲ್ಲಿ ಕೂತು ಕಿಟಕಿಯಾಚೆ ನೋಡಲಿ, ಅಪ್ಪನಿಗೆ ಕಾಟ ಕೊಡದಿರಲಿ ಎಂಬುದು. ಸ್ವೀಡನ್ನಿನಲ್ಲಿ ಈಗಲೂ ನಾಲ್ಕು ವರ್ಷದವರೆಗೆ ಮಕ್ಕಳನ್ನು ಹಿಮ್ಮುಖವಾಗಿ ಕೂರಿಸುವುದು ರೂಢಿ. ವಿಶ್ವಸಂಸ್ಥೆಯ ಹೊಸ ನಿಯಮ ಆರ್129 ಕನಿಷ್ಠ 15 ತಿಂಗಳವರೆಗೆ ಹಿಮ್ಮುಖ ಕಡ್ಡಾಯ ಎನ್ನುತ್ತದೆ. ಕಾಲು ಮಡಚಿಕೊಂಡು ಕೂರಬೇಕಲ್ಲ ಪಾಪ ಎಂದು ಅಜ್ಜಂದಿರು ಮರುಗುತ್ತಾರೆ. ಮಕ್ಕಳಿಗೆ ಅದು ಕಷ್ಟವೇ ಅಲ್ಲ, ನೆಲದ ಮೇಲೂ ಅವು ಹಾಗೆಯೇ ಕೂರುತ್ತವೆ.

ಮೊದಲ ವರ್ಷಕ್ಕೆ ಪ್ರಯಾಣದ ಸೀಟು ಆರಿಸುವುದು ಹಾಗಾಗಿ ಸುಲಭ. ಹಿಡಿಕೆ ಇರುವ, ಬುಟ್ಟಿಯಾಕಾರದ, 13 ಕೆ.ಜಿ.ವರೆಗಿನ ಕೂಸುಗಳ ಸೀಟೇ ಆಗಬೇಕು. ಮೂರು ನಾಲ್ಕು ಕೆ.ಜಿ. ತೂಕ, ಮಲಗಿದ ಮಗುವಿನ ಸಮೇತ ಎತ್ತಿಕೊಂಡು ಹೋಗಬಹುದು. ಕೊಳ್ಳುವಾಗ ಒಂದು ವಿಷಯ ವಿಚಾರಿಸಿ: ಕೆಳಗಿನ ಬೇಸ್ ಇಲ್ಲದೆ, ಕಾರಿನ ಮೂರು ಬಿಂದುವಿನ ಬೆಲ್ಟಿನಿಂದಲೇ ಕಟ್ಟಲು ಬರುತ್ತದೆಯೇ? ಬೆಲ್ಟಿನ ಕೆಳಪಟ್ಟಿ ಮಗುವಿನ ತೊಡೆಯ ಮೇಲಿನ ಕೊಕ್ಕೆಗಳಲ್ಲೂ, ಭುಜಪಟ್ಟಿ ಚಿಪ್ಪಿನ ಬೆನ್ನ ಸುತ್ತಲೂ ಹಾಯ್ದುಹೋಗುವ ಸೀಟು ಪ್ರಯಾಣಕ್ಕೆ ಒಳ್ಳೆಯದು. ಈ ದಾರಿಗೆ ಉದ್ದದ ಬೆಲ್ಟ್ ಬೇಕು. ಹಳೆಯ ಸಣ್ಣ ಕಾರುಗಳ ಹಿಂದಿನ ಬೆಲ್ಟ್ ಕೆಲವೊಮ್ಮೆ ಒಂದು ಗೇಣು ಸಾಲದೆ ಬರುತ್ತದೆ, ಆದ್ದರಿಂದ ನೆಂಟರ ಕಾರಿನಲ್ಲಿ ಕಟ್ಟಿ ನೋಡಿಯೇ ಹಣ ಕೊಡುವುದು ಲೇಸು.

ಈ ಬುಟ್ಟಿ ಸೀಟಿಗೆ ಎರಡು ಎಚ್ಚರಿಕೆಗಳಿವೆ, ಎರಡೂ ಜೀವದ ಪ್ರಶ್ನೆ. ಇದನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬಾರದು. ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿ ಉಬ್ಬಿ ಬರುವ ಚೀಲ ನೇರವಾಗಿ ಸೀಟಿನ ಬೆನ್ನಿಗೆ, ಅಂದರೆ ಮಗುವಿನ ತಲೆಯ ಹಿಂಬದಿಗೆ ಬಡಿಯುತ್ತದೆ. ಎರಡನೆಯದು ಉಸಿರಿನದು. ನೆಟ್ಟಗೆ ಕೂರಿಸಿದ ಎಳೆಗೂಸಿನ ಗದ್ದ ಎದೆಗೆ ಇಳಿದರೆ ಅದರ ಮೆತ್ತನೆಯ ಶ್ವಾಸನಾಳ ಮಡಚಿಕೊಳ್ಳುತ್ತದೆ. ಸೀಟು ಸುಮಾರು 45 ಡಿಗ್ರಿ ಒರಗಿರಬೇಕು. ಅಹಮದಾಬಾದಿನಿಂದ ಸೂರತ್‌ಗೆ 260 ಕಿ.ಮೀ.ಗೂ ಹೆಚ್ಚು, ನಾಲ್ಕೈದು ಗಂಟೆಯ ದಾರಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಮಗುವನ್ನು ಹೊರಗೆತ್ತಿ ಅಂಗಾತ ಮಲಗಿಸಬೇಕು. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಇನ್ನೂ ಬೇಗ ಬೇಗ. ಮನೆ ಮುಟ್ಟಿದ ಮೇಲೂ ನಿದ್ದೆ ಕೆಡುತ್ತದೆಂದು ಬುಟ್ಟಿಯಲ್ಲೇ ಬಿಡುವುದು ಅಪಾಯ.

ಒಂದು ವರ್ಷ ದಾಟಿ ನಾಲ್ಕರವರೆಗಿನ ಹಂತವೇ ಕಠಿಣ. ಮಗುವಿನ ಭಾರ ಹೆಚ್ಚಿದೆ, ಕತ್ತು ಇನ್ನೂ ಎಳೆಯದು, ಸೀಟಿನ ತೂಕವೂ ಹೆಚ್ಚಬೇಕು. ಇಲ್ಲಿ ಪೇಟೆಯಲ್ಲಿ ಐಸೊಫಿಕ್ಸ್ ಎಂಬ ಮಾತು ಜೋರು. ಕಾರಿನ ಹಿಂದಿನ ಸೀಟಿನ ಸಂದಿಯಲ್ಲಿ 280 ಮಿ.ಮೀ. ಅಂತರದಲ್ಲಿ ಎರಡು ಉಕ್ಕಿನ ಕಂಬಿಗಳನ್ನು ಚೌಕಟ್ಟಿಗೇ ಬಿಗಿದಿರುತ್ತಾರೆ. ಸೀಟಿನ ಎರಡು ಕೈಗಳು ಅದಕ್ಕೆ ಕಚ್ಚಿಕೊಳ್ಳುತ್ತವೆ. ಕಟ್ಟುವಾಗ ತಪ್ಪಾಗುವ ಸಂಭವವನ್ನು ಇದು ನಿಜವಾಗಿಯೂ ತಗ್ಗಿಸುತ್ತದೆ. ಗುಜರಾತಿನವರಿಗೆ ಇದು ಮನೆಬಾಗಿಲ ವಿದ್ಯೆ ಕೂಡ: ಸಾನಂದ್‌ನಲ್ಲಿ ಟಾಟಾ, ಹಂಸಲಪುರದಲ್ಲಿ ಸುಜುಕಿ, ವಡೋದರದ ಪಕ್ಕದ ಹಾಲೋಲ್‌ನಲ್ಲಿ ಎಂಜಿ, ಮೂವರೂ ಇಲ್ಲೇ ಕಾರು ಮಾಡುತ್ತಾರೆ. ಮಕ್ಕಳ ಸೀಟುಗಳನ್ನು ಮಾರುವ ಆರ್ ಫಾರ್ ರ್‍ಯಾಬಿಟ್ ಕಂಪನಿ 2014ರಲ್ಲಿ ಹುಟ್ಟಿದ್ದೂ ಅಹಮದಾಬಾದಿನಲ್ಲೇ. 2023ರ ಅಕ್ಟೋಬರಿನಿಂದ ನಡೆಯುತ್ತಿರುವ ಭಾರತ್ ಎನ್‌ಸಿಎಪಿ ಎಂಬ ಕಾರು ಸುರಕ್ಷತಾ ಪರೀಕ್ಷೆಯಲ್ಲಿ ಮಕ್ಕಳ ಸುರಕ್ಷತೆಗೆಂದೇ 49 ಅಂಕಗಳಿವೆ. ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಅಳತೆಯ ಗೊಂಬೆಗಳನ್ನು ಕೂರಿಸಿ ಕಾರನ್ನು ಗುದ್ದಿಸುತ್ತಾರೆ. ಹೊಸ ಕಾರು ಕೊಳ್ಳುವವರು ಒಟ್ಟು ನಕ್ಷತ್ರಗಳ ಜೊತೆಗೆ ಈ ಅಂಕಗಳನ್ನೂ ನೋಡಬೇಕೆಂಬುದು ನನ್ನ ಆಗ್ರಹ. 2018ರಲ್ಲಿ ಗ್ಲೋಬಲ್ ಎನ್‌ಸಿಎಪಿಯಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆದು ದೇಶವೆಲ್ಲ ಹೆಮ್ಮೆಪಟ್ಟ ಟಾಟಾ ನೆಕ್ಸಾನ್‌ಗೆ ಮಕ್ಕಳ ವಿಭಾಗದಲ್ಲಿ ಸಿಕ್ಕಿದ್ದು ಮೂರೇ.

ಆದರೆ ಪ್ರಯಾಣದ ಸೀಟು ಐಸೊಫಿಕ್ಸ್ ಒಂದನ್ನೇ ನಂಬಿದ್ದರೆ ಅದು ಪ್ರಯಾಣದ ಸೀಟಲ್ಲ. ಸೂರತ್ ಸ್ಟೇಷನ್ನಿನ ಹೊರಗೆ ನಿಂತ ಹಳೆಯ ಟ್ಯಾಕ್ಸಿಯಲ್ಲಿ ಆ ಕಂಬಿಗಳು ಇರಲಾರವು. ಇದ್ದರೂ ಮೇಲೆ ಹೊಲಿಸಿದ ರೆಕ್ಸಿನ್ ಸೀಟ್ ಕವರ್ ಅವನ್ನು ಮುಚ್ಚಿರುತ್ತದೆ. ಎಷ್ಟೋ ಟ್ಯಾಕ್ಸಿಗಳಲ್ಲಿ ಹಿಂದಿನ ಬೆಲ್ಟಿನ ಬಕಲ್‌ಗಳೇ ಕವರಿನ ಕೆಳಗೆ ಹೂತುಹೋಗಿರುತ್ತವೆ. ಚಾಲಕರನ್ನು ಕೇಳಿ, ಸೀಟಿನ ಸಂದಿಗೆ ಕೈ ಹಾಕಿ, ಎಳೆದು ತೆಗೆಯಬೇಕಾಗುತ್ತದೆ. ಇದರ ಮೇಲೆ ಸಿಎನ್‌ಜಿ. ಗುಜರಾತಿನಲ್ಲಿ ಗ್ಯಾಸಿನ ಮೇಲೆ ಓಡುವ ಕಾರುಗಳು ಬಹಳ, ಡಿಕ್ಕಿಯ ತುಂಬ ಸಿಲಿಂಡರ್. ಸೀಟಿನ ಮೇಲ್ತುದಿ ಮುಂದಕ್ಕೆ ವಾಲದಂತೆ ಹಿಂದಕ್ಕೆ ಕಟ್ಟುವ ಟಾಪ್ ಟೆದರ್ ಪಟ್ಟಿಯ ಕೊಕ್ಕೆ ಕೆಲವು ಕಾರುಗಳಲ್ಲಿ ಆ ಸಿಲಿಂಡರಿನ ಹಿಂದೆ ಸಿಕ್ಕಿಕೊಂಡಿರುತ್ತದೆ. ಸೂಟ್‌ಕೇಸುಗಳಿಗೂ ಡಿಕ್ಕಿಯಲ್ಲಿ ಜಾಗವಿಲ್ಲದೆ ಅವೂ ಹಿಂದಿನ ಸೀಟಿಗೆ ಬರುತ್ತವೆ. ಹೀಗಾಗಿ ಈ ವಯಸ್ಸಿಗೆ ನಾನು ಸೂಚಿಸುವುದು ಹಿಮ್ಮುಖವಾಗಿಯೂ ಮುಮ್ಮುಖವಾಗಿಯೂ ಕಟ್ಟಲು ಬರುವ, ಒಳಗೆ ಐದು ಬಿಂದುವಿನ ಪಟ್ಟಿ ಇರುವ, ಬೆಲ್ಟಿನಿಂದಲೇ ಬಿಗಿಯಬಹುದಾದ, ನಾಲ್ಕೈದು ಕೆ.ಜಿ.ಯ ಪ್ಲಾಸ್ಟಿಕ್ ಚಿಪ್ಪಿನ ಸೀಟನ್ನು. ಮೆತ್ತೆ ತೆಳುವಾಗಿರುತ್ತದೆ, ನೋಟಕ್ಕೆ ಬಡವಾಗಿರುತ್ತದೆ. ಪರೀಕ್ಷೆಯಲ್ಲಿ ತೇರ್ಗಡೆಯಾದ ಚಿಪ್ಪಿಗೆ ಚಂದ ಬೇಕಿಲ್ಲ.

ಚರೋತರ ಪ್ರದೇಶದ ಆಣಂದ್, ನಡಿಯಾದ್ ಸುತ್ತ ಅಮೆರಿಕದ ನಂಟಿಲ್ಲದ ಮನೆ ಅಪರೂಪ. ನಮ್ಮ ಬೆಂಗಳೂರು, ಮೈಸೂರುಗಳಲ್ಲೂ ಈಗ ಹಾಗೇ. ರಜೆಗೆ ಬಂದ ಮಗಳು ಅಲ್ಲಿಂದ ಹಗುರವಾದ ಸೀಟು ತಂದು, ಹೋಗುವಾಗ ತಂಗಿಯ ಮಗುವಿಗೆಂದು ಬಿಟ್ಟುಹೋಗುತ್ತಾಳೆ. ಸೀಟು ಒಳ್ಳೆಯದೇ, ಆದರೆ ಅದು ಇನ್ನೊಂದು ಬಗೆಯ ಬೆಲ್ಟಿಗಾಗಿ ಹುಟ್ಟಿದ್ದು. ಅಮೆರಿಕದ ಕಾರುಗಳ ಬೆಲ್ಟನ್ನು ಪೂರ್ತಿ ಎಳೆದು ಬಿಟ್ಟರೆ ಅದು ಕಟಕಟ ಎಂದು ಹಿಂದಕ್ಕೆ ಸರಿಯುತ್ತ ಬಿಗಿದು ನಿಲ್ಲುತ್ತದೆ; ಸೀಟು ಅಲುಗದಂತೆ ಅದೇ ಹಿಡಿಯುತ್ತದೆ. ನಮ್ಮ ಕಾರುಗಳ ಬೆಲ್ಟುಗಳಲ್ಲಿ ಸಾಮಾನ್ಯವಾಗಿ ಈ ಗುಣವಿಲ್ಲ. ಜೋರಾಗಿ ಜಗ್ಗಿದಾಗ ಮಾತ್ರ ಅವು ಲಾಕ್ ಆಗುತ್ತವೆ, ಉಳಿದಂತೆ ಸಡಿಲ. ಆಗ ಸೀಟಿನಲ್ಲೇ ಬೆಲ್ಟನ್ನು ಕಚ್ಚಿಹಿಡಿಯುವ ಕ್ಲ್ಯಾಂಪ್ ಇರಬೇಕು, ಇಲ್ಲವೇ ಬೆಲ್ಟಿನ ಎರಡು ಪಟ್ಟಿಗಳನ್ನು ಸೇರಿಸಿ ಹಿಡಿಯುವ ಲೋಹದ ಲಾಕಿಂಗ್ ಕ್ಲಿಪ್ ಹಾಕಬೇಕು. ಅಮೆರಿಕದ ಸೀಟಿನ ಕೆಳಕೊಕ್ಕೆಗಳು ನಮ್ಮ ಐಸೊಫಿಕ್ಸ್ ಕಂಬಿಗಳಿಗೆ ಸರಿಹೋಗುತ್ತವೆ ಎಂಬುದು ಸಮಾಧಾನದ ವಿಷಯ. ಕಂಬಿ ಇರುವ ಕಾರಾದರೆ ಅದೇ ದಾರಿ ಮೇಲು.

ಮಾರಾಟಕ್ಕಿರುವ ಸೀಟನ್ನು ನಂಬುವುದು ಹೇಗೆ? ಬೆನ್ನಿಗೆ ಅಂಟಿಸಿದ ಕಿತ್ತಳೆ ಬಣ್ಣದ ಚೀಟಿಯನ್ನು ಓದಿ. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಮಂಜೂರಾತಿ ಕೊಟ್ಟ ದೇಶದ ಅಂಕಿ, ಹಳೆಯ ನಿಯಮ ಆರ್44 ಆದರೆ 04ರಿಂದ ಶುರುವಾಗುವ ಸಂಖ್ಯೆ, ಅಥವಾ ಆರ್129. ಭಾರತದ ಮಾನದಂಡ ಎಐಎಸ್-072 ಕೂಡ ಆರ್44ರ ಜಾಡಿನಲ್ಲೇ ಇದೆ. ಬರೀ ಯುರೋಪಿಯನ್ ಗುಣಮಟ್ಟ ಎಂದು ಡಬ್ಬದ ಮೇಲೆ ಬರೆದಿದ್ದರೆ ಅದಕ್ಕೆ ಅರ್ಥವಿಲ್ಲ.

ಕಟ್ಟಿದ ಮೇಲೆ ಬೆಲ್ಟ್ ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಿಸಿ. ಒಂದು ಅಂಗುಲಕ್ಕಿಂತ ಹೆಚ್ಚು ಕದಲಬಾರದು. ಭುಜದ ಪಟ್ಟಿಯನ್ನು ಬೆರಳುಗಳಿಂದ ಚಿವುಟಿದರೆ ಮಡಿಕೆ ಸಿಗಬಾರದು. ಹಿಮ್ಮುಖವಾಗಿದ್ದಾಗ ಪಟ್ಟಿ ಮಗುವಿನ ಭುಜದ ಮಟ್ಟದಿಂದ ಅಥವಾ ತುಸು ಕೆಳಗಿನಿಂದ ಬರಬೇಕು, ಮುಮ್ಮುಖವಾಗಿದ್ದಾಗ ಭುಜದ ಮಟ್ಟದಿಂದ ಅಥವಾ ತುಸು ಮೇಲಿನಿಂದ. ಮಗುವನ್ನು ಶಾಲಿನಲ್ಲಿ ಸುತ್ತಿ ಆಮೇಲೆ ಪಟ್ಟಿ ಹಾಕುವ ಅಭ್ಯಾಸ ಬಿಡಬೇಕು: ಗುದ್ದಿನಲ್ಲಿ ಬಟ್ಟೆ ಅಪ್ಪಚ್ಚಿಯಾಗಿ ಪಟ್ಟಿ ಸಡಿಲವಾಗುತ್ತದೆ. ಮೊದಲು ಪಟ್ಟಿ, ಅದರ ಮೇಲೆ ಶಾಲು. ಸರಿಯಾಗಿ ಬಳಸಿದ ಸೀಟು ಒಂದು ವರ್ಷದೊಳಗಿನ ಕೂಸುಗಳ ಸಾವನ್ನು 71 ಪ್ರತಿಶತ, ಒಂದರಿಂದ ನಾಲ್ಕು ವರ್ಷದವರದ್ದನ್ನು 54 ಪ್ರತಿಶತ ತಗ್ಗಿಸುತ್ತದೆ ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಲೆಕ್ಕ. ಲಸಿಕೆಗಳನ್ನು ಬಿಟ್ಟರೆ ಮಗುವಿಗೆ ಇಷ್ಟು ಕಡಿಮೆ ಶ್ರಮದಲ್ಲಿ ಇಷ್ಟು ರಕ್ಷಣೆ ಕೊಡುವ ಇನ್ನೊಂದು ವಸ್ತು ನನಗೆ ಗೊತ್ತಿಲ್ಲ.

ನಾಲ್ಕು ದಾಟಿದವರಿಗೆ ಪೇಟೆಯಲ್ಲಿ ಪುಟಾಣಿ ವಸ್ತುಗಳ ಸಾಲೇ ಇದೆ. ಗಾಳಿ ತುಂಬುವ ಬೂಸ್ಟರ್, ಮಡಚಿ ಬ್ಯಾಗಿಗೆ ಹಾಕಿಕೊಳ್ಳುವ ಬೂಸ್ಟರ್, ಮಗು ಉಡುಪಿನಂತೆ ತೊಡುವ ಜಾಕೆಟ್ಟು. ಇವುಗಳ ಹಿಂದಿನ ತತ್ವ ಸೊಂಟದ ಮೂಳೆಯದು. ದೊಡ್ಡವರ ಸೊಂಟದಲ್ಲಿ ಮುಂದೆ ಎರಡು ಕಡೆ ಮೂಳೆಯ ಉಬ್ಬುಗಳಿವೆ. ಬೆಲ್ಟಿನ ಕೆಳಪಟ್ಟಿ ಅದಕ್ಕೆ ಸಿಕ್ಕಿಕೊಂಡು ನಿಲ್ಲುತ್ತದೆ. ಮಕ್ಕಳಲ್ಲಿ ಆ ಉಬ್ಬು ಸರಿಯಾಗಿ ಮೂಡುವುದು ಹತ್ತು ವರ್ಷದ ಹೊತ್ತಿಗೆ. ಅಲ್ಲಿಯವರೆಗೆ ಬೆಲ್ಟ್ ಜಾರಿ ಕಿಬ್ಬೊಟ್ಟೆಗೆ ಏರುತ್ತದೆ. ಗುದ್ದಿದಾಗ ಕರುಳು, ಗುಲ್ಮ, ಬೆನ್ನೆಲುಬು ಕತ್ತರಿಸಿಹೋದ ಮಕ್ಕಳನ್ನು ಶಸ್ತ್ರವೈದ್ಯರು ನೋಡಿದ್ದಾರೆ. ಬೂಸ್ಟರ್ ಮಗುವನ್ನು ಎತ್ತರಿಸಿ ಕೆಳಪಟ್ಟಿಯನ್ನು ತೊಡೆಯ ಮೇಲೂ, ಮೇಲಿನ ಪಟ್ಟಿಯನ್ನು ಕತ್ತಿನಿಂದ ಸರಿಸಿ ಭುಜದ ನಡುವಿಗೂ ತರುತ್ತದೆ. 1978ರಲ್ಲಿ ಮೊದಲ ಬೂಸ್ಟರ್ ಮೆತ್ತೆಯನ್ನು ವೋಲ್ವೋ ಮಾಡಿತು. ಮಡಚುವ ಹೊಸ ಬಗೆಯದು ಮಗುವನ್ನು ಎತ್ತರಿಸುವುದಿಲ್ಲ, ಕೊಕ್ಕೆಗಳಿಂದ ಬೆಲ್ಟನ್ನೇ ಮಗುವಿನ ಮಟ್ಟಕ್ಕೆ ಇಳಿಸುತ್ತದೆ.

ಇವೆಲ್ಲ ಜೇಬಿಗೂ ಬ್ಯಾಗಿಗೂ ಹಗುರ. ಆದರೆ ಇವಕ್ಕೆ ಬೆನ್ನಿಲ್ಲ, ಪಕ್ಕದಿಂದ ಬರುವ ಗುದ್ದಿಗೆ ತಲೆಯ ಬಳಿ ಏನೂ ಇಲ್ಲ. ನಿದ್ದೆ ಬಂದ ಮಗು ಪಕ್ಕಕ್ಕೆ ವಾಲಿದ ಕೂಡಲೇ ಬೆಲ್ಟ್ ಜಾಗ ತಪ್ಪುತ್ತದೆ. ಯುರೋಪಿನಲ್ಲಿ 2017ರ ನಂತರ ಬೆನ್ನಿಲ್ಲದ ಹೊಸ ಬೂಸ್ಟರುಗಳಿಗೆ 125 ಸೆಂಟಿಮೀಟರಿಗಿಂತ ಎತ್ತರದ ಮಕ್ಕಳಿಗೆ ಮಾತ್ರ ಮಂಜೂರಾತಿ. ಊರೊಳಗಿನ ಟ್ಯಾಕ್ಸಿಗೆ, ಎಚ್ಚರವಾಗಿ ನೆಟ್ಟಗೆ ಕೂರುವ ಏಳು ವರ್ಷದ ಹುಡುಗಿಗೆ ಇದು ಸಾಕು. ಭರೂಚ್ ದಾಟಿ ರಾತ್ರಿ ಮನೆಗೆ ಮರಳುವ ದಾರಿಗೆ ನಾಲ್ಕು ವರ್ಷದವನಿಗೆ ಸಾಲದು. ಅವನಿಗೆ ಪಟ್ಟಿ ಇರುವ ಸೀಟೇ ಇನ್ನೂ ಬೇಕು. ಇನ್ನು ಸೊಂಟಕ್ಕೆ ಮಾತ್ರ ಬೆಲ್ಟ್ ಇರುವ ಮಧ್ಯದ ಜಾಗದಲ್ಲಿ ಯಾವ ಬೂಸ್ಟರನ್ನೂ ಇಡಬಾರದು. ಮೆತ್ತೆಗೆ ನಾಲ್ಕು ಪಟ್ಟಿ ಹೊಲಿದು, ಕಾರಿನ ಸೀಟಿನ ಬೆನ್ನಿಗೆ ಸುತ್ತಿ ಕಟ್ಟುವ ಬಟ್ಟೆಯ ಸೀಟುಗಳು ಕೆಲವು ನೂರು ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುತ್ತವೆ. ಅವುಗಳಲ್ಲಿ ಕಿತ್ತಳೆ ಚೀಟಿ ಇರುವುದಿಲ್ಲ, ಕಾರಿನ ಉಕ್ಕಿಗೂ ಅವಕ್ಕೂ ಸಂಬಂಧವೇ ಇರುವುದಿಲ್ಲ. ಅದು ತೊಡೆಗಿಂತ ಒಂದು ಕೂದಲೂ ಮೇಲಲ್ಲ. ತಂದೆತಾಯಿಗೆ ನೆಮ್ಮದಿ ಕೊಟ್ಟು ಮಗುವಿಗೆ ಏನೂ ಕೊಡದ ಇಂಥ ಸರಕನ್ನು ಮಾರಲು ಬಿಡಬಾರದು.

ಗುಜರಾತಿನ ಬೇಸಿಗೆ ಪ್ರತ್ಯೇಕ ಮಾತಿಗೆ ಅರ್ಹ. 2016ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣಾಂಶ 48 ಡಿಗ್ರಿ ಮುಟ್ಟಿತ್ತು. 2010ರ ಬಿಸಿಗಾಳಿಯ ಸಾವುಗಳ ನಂತರ, 2013ರಲ್ಲಿ ದಕ್ಷಿಣ ಏಷ್ಯಾದಲ್ಲೇ ಮೊದಲ ಬಾರಿಗೆ ಶಾಖ ಎದುರಿಸುವ ನಗರ ಯೋಜನೆ ಮಾಡಿದ ಊರದು. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಶಾಖ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರುತ್ತದೆ, ಅದರ ನೂರಕ್ಕೆ ಎಂಬತ್ತು ಭಾಗ ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಒಂದು ಬೆರಳು ತೆರೆದಿಟ್ಟರೆ ಪ್ರಯೋಜನವಿಲ್ಲ ಎಂದು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಮಕ್ಕಳ ದೇಹ ದೊಡ್ಡವರದ್ದಕ್ಕಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಐದು ನಿಮಿಷಕ್ಕೂ ಮಗುವನ್ನು ನಿಂತ ಕಾರಿನಲ್ಲಿ ಬಿಡಬಾರದು. ಮಗು ಇಲ್ಲದ ಸೀಟಿನ ಲೋಹದ ಬಕಲ್ ಕೂಡ ಆ ಬಿಸಿಲಿಗೆ ಚರ್ಮ ಸುಡುವಷ್ಟು ಕಾಯುತ್ತದೆ. ಹಗುರವಾದ ಸೀಟಿನ ಇನ್ನೊಂದು ಲಾಭ ಇಲ್ಲಿದೆ: ಅದನ್ನು ಬಿಚ್ಚಿ ಮನೆಯ ನೆರಳಿಗೆ ಒಯ್ಯಬಹುದು. ಕಾರಿನಲ್ಲೇ ಬಿಡುವುದಾದರೆ ಬಿಳಿ ಬಟ್ಟೆ ಹೊದಿಸಿ, ಬೆಲ್ಟಿನಿಂದ ಕಟ್ಟಿಯೇ ಇಡಬೇಕು, ಖಾಲಿ ಸೀಟು ಗುದ್ದಿನಲ್ಲಿ ಎಲ್ಲರ ಮೇಲೂ ಹಾರುತ್ತದೆ.

ಕಾರೇ ಇಲ್ಲದ ಮನೆಗಳು ಹೆಚ್ಚು. ಸೂರತ್‌ನ ರಿಂಗ್ ರೋಡಿನಲ್ಲಿ ಸಂಜೆ ನಿಂತು ನೋಡಿದರೆ ಸ್ಕೂಟರಿನ ಮೇಲೆ ಅಪ್ಪ, ಅಮ್ಮ, ನಡುವೆ ಮಗು. ಅವರಿಗಾಗಿ 2022ರ ಫೆಬ್ರವರಿಯಲ್ಲಿ ಹೊರಟು ಒಂದು ವರ್ಷದ ನಂತರ ಜಾರಿಯಾದ ನಿಯಮವಿದೆ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಹೆಲ್ಮೆಟ್, 30 ಕೆ.ಜಿ. ತಾಳುವ ಪಟ್ಟಿಯಿಂದ ಮಗುವನ್ನು ಚಾಲಕನಿಗೆ ಕಟ್ಟಿರಬೇಕು, ವೇಗ 40 ಕಿ.ಮೀ. ಮೀರಬಾರದು. ಈ ಪಟ್ಟಿ ನಿದ್ದೆಯಲ್ಲಿ ಜಾರಿ ಬೀಳುವುದನ್ನು ತಡೆಯುತ್ತದೆ. ಕಾರಿನ ಗುದ್ದನ್ನು ತಡೆಯುವುದಕ್ಕಲ್ಲ.

ಒಳ್ಳೆಯ ಸೀಟಿಗೂ ಒಂದು ಮಿತಿ ಇದೆ, ಅದನ್ನು ಎಕ್ಸ್‌ಪ್ರೆಸ್‌ವೇ ಹತ್ತುವವರು ತಿಳಿದಿರಬೇಕು. ಆರ್44 ಸೀಟುಗಳನ್ನು ಪರೀಕ್ಷಿಸುವುದು 50 ಕಿ.ಮೀ. ವೇಗದಲ್ಲಿ. 2024ರ ಫೆಬ್ರವರಿಯಲ್ಲಿ ತೆರೆದ ವಡೋದರ-ಭರೂಚ್ ಹೊಸ ಎಕ್ಸ್‌ಪ್ರೆಸ್‌ವೇಯನ್ನು 120 ಕಿ.ಮೀ. ವೇಗಕ್ಕೆಂದು ಕಟ್ಟಿದ್ದಾರೆ. ಎರಡರ ಚಲನಶಕ್ತಿಗಳ ನಡುವೆ ಸುಮಾರು ಆರು ಪಟ್ಟು ಅಂತರ. ಅದನ್ನು ಯಾವ ಸೀಟೂ ತುಂಬಲಾರದು. ಚಾಲಕನ ಬಲಗಾಲು ಮಾತ್ರ ತುಂಬಬಲ್ಲದು. 2019ರ ಜುಲೈ ನಂತರದ ಕಾರುಗಳು 80 ದಾಟಿದೊಡನೆ ಬೀಪ್ ಎನ್ನುತ್ತವೆ. ಹಿಂದೆ ಮಗುವಿದ್ದಾಗ ಆ ಸದ್ದಿಗೆ ಕಿವಿಗೊಡಬೇಕು.

ನಮ್ಮಲ್ಲಿ ಮಗುವಿನ ತೊಟ್ಟಿಲು, ಉಡುಪು, ಆಟಿಕೆಗಳು ಅಕ್ಕನ ಮನೆಯಿಂದ ತಂಗಿಯ ಮನೆಗೆ, ಅಲ್ಲಿಂದ ಅತ್ತಿಗೆಯ ಮನೆಗೆ ಹೋಗುತ್ತವೆ. ಒಳ್ಳೆಯ ಪದ್ಧತಿ, ಸೀಟಿನ ವಿಷಯದಲ್ಲಿ ಮಾತ್ರ ಕಾಲಮಿತಿ ಇದೆ. ಚಿಪ್ಪಿನ ತಳದಲ್ಲಿ ತಯಾರಿಸಿದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಎಷ್ಟು ವರ್ಷ ಬಳಸಬಹುದೆಂದು ಕಂಪನಿ ಹೇಳಿರುತ್ತದೆ. ಬಿಸಿಲು, ಶಾಖಗಳಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ, ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಒಮ್ಮೆ ದೊಡ್ಡ ಅಪಘಾತ ಕಂಡ ಸೀಟು ಹೊರಗೆ ಚೆನ್ನಾಗಿಯೇ ಕಂಡರೂ ಇನ್ನೊಂದು ಗುದ್ದಿಗೆ ಉಳಿದಿರುವುದಿಲ್ಲ. ಅಕ್ಕನ ಮನೆಯದಾದರೆ ಅದರ ಚರಿತ್ರೆ ಗೊತ್ತಿರುತ್ತದೆ, ತೆಗೆದುಕೊಳ್ಳಬಹುದು. ಗುರುತಿಲ್ಲದವರ ಹಳೆಯ ಸೀಟನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ಅವಧಿ ಮುಗಿದದ್ದನ್ನು ಗುಜರಿಗೆ ಹಾಕುವಾಗ ಪಟ್ಟಿಗಳನ್ನೆಲ್ಲ ಕತ್ತರಿಸಿಯೇ ಹಾಕಬೇಕು. ಇಡಿಯಾಗಿ ಹಾಕಿದರೆ ಅದನ್ನು ಯಾರೋ ಒರೆಸಿ ಹೊಳಪು ಮಾಡಿ, ಭಾನುವಾರ ಸಾಬರಮತಿ ದಡದ ರವಿವಾರಿ ಸಂತೆಯಲ್ಲಿ ಮಾರಾಟಕ್ಕೆ ಇಡಬಹುದು.